ಒಂಚೂರು ಬಲಕ್ಕೆ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದೇ ಒಂದು ಮಾತು. ಆ ದಿನ ಬೆಳಿಗ್ಗೆ ಫೋಟೋಗ್ರಾಫರ್ ಬಾಯಿತಪ್ಪಿ ‘ಆಯ್ತಮ್ಮ’ ಅಂದುಬಿಟ್ಟ.

ಇಪ್ಪತ್ತಾರು ವರ್ಷದ ಕಸುಬಿನಲ್ಲಿ ಅವನು ಯಾರಿಗೂ ಅಷ್ಟು ಸುಲಭಕ್ಕೆ ‘ಆಯ್ತು’ ಅಂದವನಲ್ಲ. ವಯಸ್ಸು ಕಮ್ಮಿ ಕಾಣೋ ಹಾಗೆ ತೆಗೀರಿ ಅಂದರೆ ‘ಆಗಲ್ಲಪ್ಪ’. ಹೊಟ್ಟೆ ಕಾಣಬಾರದು ಅಂದರೆ ‘ಆಗಲ್ಲಪ್ಪ, ಇರೋದನ್ನ ಎಲ್ಲಿಡಲಿ?’ ಹೀಗಾಗಿ ಜನ ಅವನ ಅಪ್ಪ ಅಮ್ಮ ಇಟ್ಟ ಹೆಸರನ್ನು ಮರೆತು ಆಗಲ್ಲಪ್ಪ ಎಂದೇ ಕರೆಯುತ್ತಿದ್ದರು. ಅವನಿಗೂ ಅದರಲ್ಲಿ ಒಳಗೊಳಗೇ ಹೆಮ್ಮೆ. ಸ್ಟುಡಿಯೋ ಬಾಗಿಲ ಮೇಲೆ ತಾನೇ ಬರೆದು ತೂಗುಹಾಕಿದ್ದ ಬೋರ್ಡು ಬೇರೆ: ‘ಮೊಬೈಲ್ ಫೋಟೋ ಪ್ರಿಂಟ್ ಹಾಕುವುದಿಲ್ಲ. ಕೇಳಬೇಡಿ.’

ಇಂಥವನ ಬಾಯಲ್ಲಿ ಆ ಮಾತು ಹೊರಡಿಸಿದವಳು ಮದುಮಗಳು. ಕನ್ನಡಿಯ ಮುಂದೆ ಕೂತಿದ್ದಳು. ಅವಳ ತಲೆ ಬಾಚುತ್ತಿದ್ದ ಹೆಂಗಸು ಪಿನ್ನು ತರಲು ಹೊರಗೆ ಹೋದದ್ದೇ ತಡ, ಮದುಮಗಳು ದನಿ ತಗ್ಗಿಸಿದಳು.

“ಅಂಕಲ್, ಆಲ್ಬಮ್ ಹೆಂಗೆ ಬಂದ್ರೂ ಪರವಾಗಿಲ್ಲ. ನಂಗೆ ಒಂದೇ ಒಂದು ಫೋಟೋ ಬೇಕು. ಒಂದು ಕಡೆ ದೊಡ್ಡಪ್ಪ, ಇನ್ನೊಂದು ಕಡೆ ಸೋದರಮಾವ, ಮಧ್ಯ ನಾನು.”

“ಅದರಲ್ಲೇನು ಕಷ್ಟ?”

“ಅವರಿಬ್ರೂ ಮಾತು ಬಿಟ್ಟು ಏಳು ವರ್ಷ ಆಯ್ತು. ಒಬ್ರು ಮುಂಬಾಗಿಲಲ್ಲಿ ಬಂದ್ರೆ ಇನ್ನೊಬ್ರು ಹಿಂಬಾಗಿಲಲ್ಲಿ ಹೋಗ್ತಾರೆ. ನಂಗೆ ಅಪ್ಪ ಇಲ್ಲ ಅಂಕಲ್. ದೊಡ್ಡಪ್ಪ ದಿನಾ ಸೈಕಲ್ ಮೇಲೆ ಸ್ಕೂಲಿಗೆ ಬಿಡೋರು. ಮಾವ ಸಂಜೆ ಕೂರಿಸ್ಕೊಂಡು ಲೆಕ್ಕ ಹೇಳ್ಕೊಡೋರು. ಇಬ್ರನ್ನೂ ಕೂಡಿಸಿದ್ರೇನೇ ನಂಗೊಬ್ಬ ಅಪ್ಪ.”

ಆಗಲ್ಲಪ್ಪ ಕ್ಯಾಮೆರಾ ಕೆಳಗಿಟ್ಟ. “ಜಗಳ ಯಾಕಂತೆ?”

“ಒಂದು ಫೋಟೋಗೆ! ಯಾರದೋ ಮದುವೇಲಿ ಗ್ರೂಪ್ ಫೋಟೋ ತೆಗೆದ್ರು. ಮಾವನ ತಲೆ ಅಡ್ಡ ಬಂದು ದೊಡ್ಡಪ್ಪನ ಅರ್ಧ ಮುಖ ಮುಚ್ಚಿಹೋಯ್ತು. ಬೇಕಂತಲೇ ಅಡ್ಡ ನಿಂತ ಅಂತ ದೊಡ್ಡಪ್ಪ. ನಂಗೇನು ಹುಚ್ಚಾ ಅಂತ ಮಾವ. ಆ ಫೋಟೋ ತೆಗೆದ ಪುಣ್ಯಾತ್ಮ ಯಾರೋ ಏನೋ. ದಪ್ಪ ಮೀಸೆಯವನಂತೆ.”

ಆಗಲ್ಲಪ್ಪ ನುಣ್ಣಗೆ ಬೋಳಿಸಿದ ತನ್ನ ಮೇಲ್ದುಟಿಯನ್ನೊಮ್ಮೆ ಸವರಿಕೊಂಡ. ಆಮೇಲೆ, ಆಗಲೇ ಒರೆಸಿಟ್ಟಿದ್ದ ಲೆನ್ಸನ್ನೇ ಮತ್ತೆ ಒರೆಸುತ್ತ ಹೇಳಿದ: “ಆಯ್ತಮ್ಮ.”

ಹಾಲ್‌ನಲ್ಲಿ ಅವನ ಶತ್ರು ಕಾದಿದ್ದಳು. ಮದುಮಗಳ ಚಿಕ್ಕಮ್ಮ, ಅಂದರೆ ಸೋದರಮಾವನ ತಂಗಿ. ಕೈಯಲ್ಲಿ ಅಂಗೈಗಿಂತ ದೊಡ್ಡ ಮೊಬೈಲು. ಆಗಲ್ಲಪ್ಪ ಎಲ್ಲಿ ನಿಂತರೂ ಅವನಿಗಿಂತ ಒಂದಡಿ ಮುಂದೆ ಆಕೆ ಇರುತ್ತಿದ್ದಳು.

“ಅಮ್ಮ, ಸ್ವಲ್ಪ ಸರೀರಿ.”

“ನೀವು ನಿಮ್ಮದು ತೆಗೀರಿ ಫೋಟೋದವರೇ, ನಾನು ನಂದು ತೆಗೀತೀನಿ. ನಿಮ್ಮದು ಕೈಗೆ ಸಿಗೋದು ಮೂರು ತಿಂಗಳಿಗೆ. ನಂದು ಬಂದೇಬಿಡ್ತು ನೋಡಿ.”

“ಅದು ಫೋಟೋ ಅಲ್ಲಮ್ಮ, ಬರೀ ನೆರಳು. ಫೋಟೋ ಅಂದ್ರೇನು ಅಂತ ಇವತ್ತು ತೋರಿಸ್ತೀನಿ,” ಎಂದು ಆಗಲ್ಲಪ್ಪ ಅಂಗಿಯ ತೋಳು ಮಡಚಿದ.

ಮೊದಲ ಪ್ರಯತ್ನ ಸರಳವಾಗಿತ್ತು. ದೊಡ್ಡಪ್ಪನನ್ನು ವೇದಿಕೆಗೆ ಕರೆದು ಮದುಮಗಳ ಪಕ್ಕ ನಿಲ್ಲಿಸಿದ. ಮಗಳು ನಿಮ್ಮನ್ನು ಕೂಗ್ತಿದಾಳೆ ಎಂದು ಸೋದರಮಾವನಿಗೆ ಹೇಳಿ ಕಳಿಸಿದ. ಮಾವ ಎಡಗಡೆಯ ಮೆಟ್ಟಿಲು ಹತ್ತುವುದಕ್ಕೂ ದೊಡ್ಡಪ್ಪ ಬಲಗಡೆಯ ಮೆಟ್ಟಿಲು ಇಳಿಯುವುದಕ್ಕೂ ಸರಿಹೋಯಿತು. ಫೋಟೋದಲ್ಲಿ ಸಿಕ್ಕಿದ್ದು ಒಂದು ಕಡೆ ಮಾವನ ಮೂಗು, ಇನ್ನೊಂದು ಕಡೆ ದೊಡ್ಡಪ್ಪನ ಹಿಮ್ಮಡಿ.

ಎರಡನೆಯದು ಊಟದ ಮನೆಯಲ್ಲಿ, ತಿಂಡಿಯ ಹೊತ್ತಿಗೆ. ಇಬ್ಬರೂ ಬೇರೆ ಬೇರೆ ಸಾಲಿನಲ್ಲಿ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿದ್ದರು. ಆಗಲ್ಲಪ್ಪ ಕುರ್ಚಿ ಹತ್ತಿ, ಮದುಮಗಳನ್ನು ನಡುವೆ ನಡೆಸಿ, ಉಸಿರು ಬಿಗಿಹಿಡಿದು ಬಟನ್ ಒತ್ತಿದ. ಕ್ಯಾಮೆರಾದ ತೆರೆಯಲ್ಲಿ ನೋಡಿದರೆ ಅಷ್ಟಗಲಕ್ಕೂ ಚಿಕ್ಕಮ್ಮನ ಮೊಬೈಲಿನ ಬೆನ್ನು. ಅದರ ಮೇಲೆ ಅಂಟಿಸಿದ್ದ ಬೆಕ್ಕಿನ ಚಿತ್ರವೊಂದು ಮಾತ್ರ ಬಹಳ ಚೆನ್ನಾಗಿ ಬಂದಿತ್ತು.

“ಸೋತ್ರಾ?” ಎಂದಳು ಚಿಕ್ಕಮ್ಮ.

“ಆಗಲ್ಲಮ್ಮ! ನಾನು ಸೋಲೋದು ಆಗೋ ಮಾತಲ್ಲ,” ಎಂದು ಆಗಲ್ಲಪ್ಪ ಕುರ್ಚಿಯಿಂದ ಧುಮುಕಿದ. ಮೂರನೆಯ ಉಪಾಯ ಅವನಿಗೆ ಹೊಳೆದದ್ದು ಆಗಲೇ.

ವೇದಿಕೆಯ ಮುಂದೆ ನಿಂತು ಕೂಗಿದ: “ಗ್ರೂಪ್ ಫೋಟೋ! ಮನೆಯವರೆಲ್ಲ ಬನ್ನಿ!” ನಲವತ್ತು ಜನ ಸೇರಿದರು. ದೊಡ್ಡಪ್ಪನನ್ನು ಎಡತುದಿಗೂ ಮಾವನನ್ನು ಬಲತುದಿಗೂ ನಿಲ್ಲಿಸಿದ. ನಡುವೆ ಅಷ್ಟು ಜನರ ಗೋಡೆ ಇದ್ದದ್ದರಿಂದ ಇಬ್ಬರೂ ತಕರಾರು ಮಾಡಲಿಲ್ಲ. ಒಂದು ಫೋಟೋ ತೆಗೆದ. ಆಮೇಲೆ ಒಬ್ಬೊಬ್ಬರನ್ನೇ ನಡುವಿನಿಂದ ಕಳಚತೊಡಗಿದ.

“ಹಿಂದಿನ ಸಾಲಿನವರು ಊಟಕ್ಕೆ ಹೋಗಬಹುದು. ತುದಿಯವರು ಒಳಗೆ ಬನ್ನಿ. ಗಂಡಿನ ಕಡೆಯವರದ್ದು ಆಮೇಲೆ. ಒಳಗೆ, ಇನ್ನೂ ಒಳಗೆ. ಚಾಳೀಸಿನವರೇ, ನೀವು ಕಣ್ಣು ಮುಚ್ಚಿದ್ರಿ, ಹೋಗಿ ಮುಖ ತೊಳ್ಕೊಂಡು ಬನ್ನಿ. ಮದುಮಗನೇ, ನಿಮ್ಮ ಬೂಟಿನ ದಾರ ಬಿಚ್ಚಿದೆ, ಅಲ್ಲಿ ಕೂತು ಕಟ್ಟಿಕೊಳ್ಳಿ.”

ನಲವತ್ತು ಜನ ಹದಿನೈದಾದರು. ಹದಿನೈದು ಆರಾಯಿತು. ಕೊನೆಗೆ ಉಳಿದವರು ಮೂವರು. ದೊಡ್ಡಪ್ಪ ಸೀಲಿಂಗ್ ನೋಡುತ್ತಿದ್ದ, ಮಾವ ಬಾಗಿಲ ಕಡೆ ನೋಡುತ್ತಿದ್ದ, ಇಬ್ಬರ ನಡುವೆ ಮದುಮಗಳು ಉಸಿರಾಡಲೂ ಹೆದರಿ ನಿಂತಿದ್ದಳು. ಆಗಲ್ಲಪ್ಪ ಕ್ಯಾಮೆರಾ ಎತ್ತಿದ.

“ಅಯ್ಯಯ್ಯೋ!” ಚಿಕ್ಕಮ್ಮ ಕಿರುಚಿದಳು. “ಅಣ್ಣನೂ ಭಾವನೂ ಒಂದೇ ಫೋಟೋದಲ್ಲಿ!”

ಇಬ್ಬರೂ ಕೆಂಡ ತುಳಿದವರಂತೆ ಹಾರಿದರು.

“ರೀ ಫೋಟೋಗ್ರಾಫರ್,” ದೊಡ್ಡಪ್ಪ ಗುಡುಗಿದ, “ಆ ಮನುಷ್ಯನಿಗೆ ಹೇಳಿ, ಅವನ ಹತ್ರ ನಿಂತು ಇನ್ನರ್ಧ ಮುಖ ಕಳ್ಕೊಳ್ಳೋಕೆ ನಾನು ತಯಾರಿಲ್ಲ ಅಂತ.”

“ಅವರಿಗೆ ಹೇಳಿ,” ಮಾವ ಕಂಬಕ್ಕೆ ಹೇಳಿದ, “ಆ ಮುಖ ಪೂರ್ತಿ ಬಿದ್ದಿದ್ರೂ ಫೋಟೋ ಏನೂ ಉದ್ಧಾರ ಆಗ್ತಿರಲಿಲ್ಲ ಅಂತ.”

“ಬೇಕಂತಲೇ ಅಡ್ಡ ನಿಂತಿದ್ದು ಅಂತ ಹೇಳಿ!”

“ನಿಂತಿಲ್ಲ ಅಂತ ಹೇಳಿ!”

ಮದುಮಗಳ ಕಣ್ಣು ತುಂಬಿತು. ಅದನ್ನು ನೋಡಿದ್ದೇ ಆಗಲ್ಲಪ್ಪನಿಗೆ ತಲೆಕೆಟ್ಟುಹೋಯಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಬಾಯಿ ಮುಚ್ಚಿಕೊಂಡಿರುವುದು ಅವನಿಗೆ ಹುಟ್ಟಿನಿಂದಲೂ ಆಗದ ಕೆಲಸ. ಒಂದೇ ನೆಗೆತಕ್ಕೆ ವೇದಿಕೆ ಹತ್ತಿದ.

“ಸಾಕು ನಿಲ್ಲಿಸ್ರೀ! ಆ ಫೋಟೋ ತೆಗೆದವನು ನಾನು! ಇವರ ತಲೆ ಮೇಲೆ ಗೋಡೆ ಗಡಿಯಾರ ಕೂತ ಹಾಗೆ ಕಾಣ್ತಿತ್ತು. ‘ಒಂಚೂರು ಬಲಕ್ಕೆ’ ಅಂದೆ, ಪಾಪ, ಸರಿದ್ರು. ಹಿಂದೆ ನೀವಿದ್ರಿ, ನಾನು ನೋಡಲಿಲ್ಲ. ತಪ್ಪು ನಂದು! ಏನ್ಮಾಡ್ತೀರಿ ಮಾಡ್ಕೊಳ್ಳಿ!”

ದೊಡ್ಡಪ್ಪ ಹತ್ತಿರ ಬಂದು ಅವನ ಮೇಲ್ದುಟಿಗೆ ಬೆರಳು ಅಡ್ಡ ಹಿಡಿದು ನೋಡಿದ.

“ಆ ಮೀಸೆಯವನು ನೀನೇನಾ!”

“ಭಾವ, ನಾನು ಅವತ್ತೇ ಹೇಳಲಿಲ್ವಾ, ಯಾರೋ ಸರೀರಿ ಅಂದ್ರು ಅಂತ?” ಎಂದ ಮಾವ. ಏಳು ವರ್ಷದಲ್ಲಿ ಅವನು ದೊಡ್ಡಪ್ಪನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

“ಹೇಳಿದ್ದೆ ಕಣೋ. ನಾನು ಕೇಳಲಿಲ್ಲ,” ಎಂದ ದೊಡ್ಡಪ್ಪ. ಅವನ ದನಿ ಒಡೆಯಿತು. “ಏಳು ವರ್ಷ! ಹಿಡ್ಕೊಳ್ಳೋ ಇವನನ್ನ!”

ಒಬ್ಬ ಎಡಗಡೆಯಿಂದ, ಇನ್ನೊಬ್ಬ ಬಲಗಡೆಯಿಂದ ಆಗಲ್ಲಪ್ಪನ ಕಾಲರ್ ಹಿಡಿದರು. ಮದುಮಗಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ. ಇಬ್ಬರ ಕೈಗಳನ್ನೂ ಬಿಡಿಸಿ ತನ್ನ ಹೆಗಲ ಮೇಲೆ ಹಾಕಿಕೊಂಡು, “ಅಂಕಲ್, ಈಗ! ಈಗ ತೆಗೀರಿ!” ಎಂದಳು.

ಆಗಲ್ಲಪ್ಪ ಕ್ಯಾಮೆರಾ ಎತ್ತಿದ. ಇದಕ್ಕಲ್ಲವೇ ಅವನು ಬೆಳಗಿನಿಂದ ಒದ್ದಾಡಿದ್ದು!

“ಆಗಲ್ಲಪ್ಪ!” ಎಂದ ದೊಡ್ಡಪ್ಪ.

“ಆಗಲ್ಲಪ್ಪ!” ಎಂದ ಮಾವ. “ನೀನು ಕ್ಯಾಮೆರಾ ಮುಟ್ಟಬೇಡ. ಮತ್ತೆ ಯಾರ ಮುಖ ನುಂಗ್ತೀಯೋ! ನಮ್ಮ ಹಿಂದೆ ಬಂದು ನಿಂತ್ಕೋ, ಎದುರಿಗಿದ್ರೆ ಮತ್ತೆ ಕ್ಯಾಮೆರಾ ಎತ್ತೀಯ. ಏ ತಂಗಿ, ನೀನು ತೆಗಿಯೇ.”

ಇಪ್ಪತ್ತಾರು ವರ್ಷದಲ್ಲಿ ಆಗಲ್ಲಪ್ಪ ಮದುವೆ ಫೋಟೋದೊಳಗೆ ನಿಂತವನಲ್ಲ. ಕೈ ಎಲ್ಲಿಡಬೇಕು ಎಂದು ಗೊತ್ತಾಗದೆ ಜೇಬಿಗೆ ಹಾಕಿದ, ತೆಗೆದ, ಮತ್ತೆ ಹಾಕಿದ. ಆದರೂ ಎದೆಯುಬ್ಬಿಸಿ, ಕತ್ತೆತ್ತಿ, ತೆಗಿ ನೋಡೋಣ ಎಂಬಂತೆ ಮೊಬೈಲನ್ನೇ ದಿಟ್ಟಿಸಿದ. ಚಿಕ್ಕಮ್ಮ ಒಂದು ಕಣ್ಣು ಮುಚ್ಚಿದಳು.

“ಅಣ್ಣಾ, ನಿನ್ನ ತಲೆ ಮೇಲೆ ಫ್ಯಾನ್ ಕೂತ ಹಾಗಿದೆ. ಒಂಚೂರು ಬಲಕ್ಕೆ.”

ಮಾವ ಸರಿದ. ಕ್ಲಿಕ್.

ಎಲ್ಲರೂ ಮೊಬೈಲಿಗೆ ಮುತ್ತಿದರು. ಎಂಥ ಫೋಟೋ! ದೊಡ್ಡಪ್ಪನ ಕಣ್ಣು ಒದ್ದೆ, ಮಾವನ ಬಾಯಿ ತುಂಬ ನಗು, ಮದುಮಗಳಂತೂ ಎರಡು ತೋಳುಗಳ ನಡುವೆ ಹತ್ತು ವರ್ಷದ ಹುಡುಗಿ. “ಇದೇ ಅಂಕಲ್, ನಂಗೆ ಬೇಕಿದ್ದದ್ದು ಇದೇ!” ಎಂದಳು. “ದೊಡ್ಡದಾಗಿ ಪ್ರಿಂಟ್ ಹಾಕಿಕೊಡ್ತೀರಲ್ವಾ?”

ಆಗಲ್ಲಪ್ಪನಿಗೆ ಬಾಗಿಲ ಮೇಲಿನ ಬೋರ್ಡು ನೆನಪಾಯಿತು. ಆದರೆ ಅವಳ ಮುಖ ನೋಡಿ ‘ಆಗಲ್ಲಮ್ಮ’ ಎನ್ನಲು ನಾಲಿಗೆ ಹೊರಳಲಿಲ್ಲ. ಆ ದಿನ ಎರಡನೆಯ ಸಲ “ಆಯ್ತಮ್ಮ” ಎಂದು ಗೊಣಗಿ, ಮೊಬೈಲನ್ನು ಕೈಗೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದ.

ಹಿಡಿದವನು ಹಾಗೇ ನಿಂತುಬಿಟ್ಟ. ಮಾವನ ದಪ್ಪ ತಲೆಯ ಹಿಂದಿನಿಂದ ಒಂದು ಕಿವಿ, ಒಂದು ಕಣ್ಣು ಮತ್ತು ಅರ್ಧ ಮೂಗು ಇಣುಕುತ್ತಿದ್ದವು. ಆ ಅರ್ಧ ಮೂಗು ಯಾರದೆಂದು ಗುರುತಿಸಲು ಅವನಿಗೇ ಸ್ವಲ್ಪ ಹೊತ್ತು ಬೇಕಾಯಿತು.

“ಏನಪ್ಪಾ, ಚೆನ್ನಾಗಿದೆ ಅಲ್ವಾ?” ಮಾವ ಅವನ ಬೆನ್ನು ತಟ್ಟಿದ. “ಬಾ, ಊಟಕ್ಕೆ ಹೋಗೋಣ.”

ಆಗಲ್ಲಪ್ಪ ಆ ಕೈಯನ್ನು ಕೊಡವಿದ. ಮಾವನ ಕಡೆ ಕತ್ತು ಕೂಡ ತಿರುಗಿಸದೆ, ಎದುರಿಗಿದ್ದ ಕಂಬವನ್ನು ನೋಡುತ್ತ ಚಿಕ್ಕಮ್ಮನಿಗೆ ಹೇಳಿದ:

“ನಿಮ್ಮಣ್ಣನಿಗೆ ಹೇಳಿ. ಬೇಕಂತಲೇ ಅಡ್ಡ ನಿಂತಿದ್ದು ಅಂತ.”