ಆಟಿಯಲ್ಲಿ ಹುಟ್ಟಿದ ಟಯರು

ನಮ್ಮ ಬಾವನಷ್ಟು ಬುದ್ಧಿವಂತರು ಇಡೀ ದುಬೈಯಲ್ಲಿ ಇನ್ನೊಬ್ಬರಿಲ್ಲ. ಇದು ನನ್ನ ಮಾತಲ್ಲ, ಬಾವನದ್ದೇ ಮಾತು! ನನ್ನನ್ನು ಕೇಳಿದರೆ, ಬೇಸಿಗೆಯಲ್ಲಿ ನಲ್ಲಿಯ ತಣ್ಣೀರೂ ಕೈ ಸುಡುವ ಈ ಊರಿನಲ್ಲಿ, ಹಿಮ ಬೀಳುವ ದೇಶದವರು ಹಾಕುವ ಟಯರೇ ಬೇಕೆಂದು ಅಂಗಡಿ ಅಂಗಡಿ ಅಲೆದ ಮನುಷ್ಯ ಅವರೊಬ್ಬರೇ. ಮರಳುಗಾಡಿಗೆ ಹಿಮದ ಟಯರು! ಕೇಳಿದವರು ನಗಬೇಕೋ, ಇವರನ್ನು ಹಿಡಿದು ಡಾಕ್ಟರರ ಹತ್ತಿರ ಕರೆದೊಯ್ಯಬೇಕೋ? ನಾನು ಎರಡನ್ನೂ ಮಾಡಲಿಲ್ಲ. ಸುಮ್ಮನೆ ಅವರ ಜೊತೆ ಹೋದೆ. ಅಕ್ಕನ ಗಂಡ ಎಂದ ಮೇಲೆ ಬೇರೆ ದಾರಿ ಎಲ್ಲಿದೆ?

ಮೊದಲು ಅವರ ಪಿಕಪ್ಪಿನ ಬಗ್ಗೆ ಹೇಳಿಬಿಡುತ್ತೇನೆ. ಬಾವನಿಗೆ ರಾಸ್ ಅಲ್ ಖೋರಿನಲ್ಲಿ ಏಸಿ ರಿಪೇರಿಯ ಒಂದು ಸಣ್ಣ ವರ್ಕ್‌ಶಾಪ್ ಇದೆ. ಪಿಕಪ್ಪು ಅದಕ್ಕಿಂತಲೂ ಹಳೆಯದು. ಎರಡು ಸಾಲು ಸೀಟು, ಹಿಂದೆ ಸಾಮಾನು ತುಂಬಲು ತೆರೆದ ಜಾಗ. ಬಣ್ಣ ಬಿಳಿ, ಕೆಲವು ಕಡೆ ಬಣ್ಣವೇ ಇಲ್ಲ. ಹಾರ್ನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸದ್ದು ಮಾಡುತ್ತದೆ ಎಂದು ಹಳೆಯ ಗಾಡಿಗಳ ಬಗ್ಗೆ ಒಂದು ತಮಾಷೆ ಇದೆಯಲ್ಲ, ಅದು ಈ ಪಿಕಪ್ಪಿಗೆ ಅನ್ವಯಿಸುವುದಿಲ್ಲ. ಇದರ ಹಾರ್ನೂ ಸದ್ದು ಮಾಡುತ್ತದೆ, ಎಡಕ್ಕೆ ತಿರುಗಿಸುವಾಗ ತಾನಾಗಿಯೇ! ಇದನ್ನು ಮಾರಿ ಒಂದು ಒಳ್ಳೆಯ ಕಾರು ತೆಗೆದುಕೊಳ್ಳಿ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಅವರ ಉತ್ತರ ಒಂದೇ: "ಕಾರಿನಲ್ಲಿ ಮರಳಿಗೆ ಹೋಗ್ಲಿಕ್ಕೆ ಆಗ್ತದಾ ಮಾರಾಯ?"

ಈ 'ಮರಳಿಗೆ ಹೋಗುವುದು' ನಮ್ಮ ಚಳಿಗಾಲದ ಹಬ್ಬ. ಅಕ್ಕ ಮದುವೆಯಾಗಿ ಇಲ್ಲಿಗೆ ಬಂದಾಗ ಬಾವ ಇದ್ದದ್ದು ಊದ್ ಮೇಥಾದಲ್ಲಿ, ಒಂದು ಫ್ಲಾಟಿನ ಒಂದು ಕೋಣೆಯಲ್ಲಿ. ಉಳಿದ ಕೋಣೆಗಳಲ್ಲಿ ಬೇರೆ ಸಂಸಾರಗಳು. ಅಡುಗೆಮನೆ ಸರದಿಯ ಮೇಲೆ. ಕಿಟಕಿ ತೆರೆದರೆ ಎದುರು ಕಟ್ಟಡದ ಏಸಿಗಳ ಬೆನ್ನು. ಊರಿನಲ್ಲಿ ದಿನವೂ ಅಂಗಳ ಗುಡಿಸಿ ಬೆಳೆದ ಹುಡುಗಿಗೆ ಬರಿಗಾಲು ಊರಲು ಒಂದು ಹಿಡಿ ಮಣ್ಣಿಲ್ಲ! ಆ ಮೊದಲ ಚಳಿಗಾಲದಲ್ಲಿ ಬಾವ ಅವಳನ್ನು ಪಿಕಪ್ಪಿನಲ್ಲಿ ಕೂರಿಸಿ ಅಲ್ ಐನ್ ರಸ್ತೆಯಿಂದಾಚೆ ಮರಳಿನ ನಡುವೆ ಕರೆದುಕೊಂಡು ಹೋದರಂತೆ. ಅಕ್ಕ ಚಪ್ಪಲಿ ಬಿಚ್ಚಿ, ಸಂಜೆಯ ತಣ್ಣನೆಯ ಮರಳಿನಲ್ಲಿ ಪಾದ ಹೂತು, ಕತ್ತಲಾಗುವ ತನಕ ಏಳಲೇ ಇಲ್ಲವಂತೆ. "ಸದ್ಯಕ್ಕೆ ಇದೇ ನನ್ನ ಅಂಗಳ" ಎಂದಳಂತೆ. ಅಂದಿನಿಂದ ಒಂದು ಚಳಿಗಾಲವೂ ತಪ್ಪಿಲ್ಲ.

ನಾನು ವಿಸಿಟ್ ವೀಸಾದಲ್ಲಿ ಕೆಲಸ ಹುಡುಕಲು ಬಂದ ವರ್ಷ ನನ್ನನ್ನೂ ಕರೆದೊಯ್ದರು. ಕೆಲಸ ಸಿಗದೆ ಜೋಲುಮೋರೆ ಹಾಕಿ ಕುಳಿತಿದ್ದೆ. ಸುತ್ತ ನಮ್ಮ ಕಡೆಯವರದ್ದೇ ನಾಲ್ಕಾರು ಗಾಡಿ, ಇದ್ದಿಲ ಒಲೆ, ಫ್ಲಾಸ್ಕಿನಲ್ಲಿ ಶುಂಠಿ ಚಹಾ, ಯಾರದೋ ಅಂತ್ಯಾಕ್ಷರಿ. ಅಕ್ಕ ಕೋರಿ ರೊಟ್ಟಿ, ಎಂದರೆ ಗರಿಗರಿ ಅಕ್ಕಿ ರೊಟ್ಟಿಯ ಮೇಲೆ ಕೋಳಿ ಸಾರು, ಬಡಿಸಿದಳು. ಗಾಳಿ ಬೀಸಿ ಸಾರಿಗೆಲ್ಲ ಮರಳು. ಎಲ್ಲರೂ ಕರುಕರು ಅಗಿಯುತ್ತ, ಅದು ರೊಟ್ಟಿಯ ಸದ್ದೋ ಮರಳಿನ ಸದ್ದೋ ಎಂದು ವಾದ ಮಾಡಿದರು. ಆ ಸಂಜೆ ನಾನು ಮೊದಲ ಸಲ ಈ ದೇಶದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರಲ್ಲಿ ಕೆಲವರು ಕೆನಡಾಕ್ಕೆ ಹೋದರು, ಕೆಲವರು ಊರಿಗೆ ಮರಳಿದರು, ಇಲ್ಲೇ ಉಳಿದವರು ಈಗ ಮಾಲ್‌ಗಳಲ್ಲಿ ಸಿಗುತ್ತಾರೆ. ಮರಳಿಲ್ಲದ ಕೋರಿ ರೊಟ್ಟಿ ನನಗೆ ಈಗಲೂ ಸಪ್ಪೆ.

ಹೀಗಿರುವಾಗ ಕಳೆದ ಬೇಸಿಗೆಯಲ್ಲಿ ಅಕ್ಕನ ಸೊಂಟಕ್ಕೆ ಆಪರೇಷನ್ ಆಯಿತು. ಗಾಡಿಯಲ್ಲಿ ಕೂರಬಹುದು, ಆದರೆ ಕುಲುಕಾಟ ಆಗಬಾರದು ಎಂದರು ಡಾಕ್ಟರು. ಬಾವನ ಪಿಕಪ್ಪು ಎಂದರೇ ಕುಲುಕಾಟ! ನವೆಂಬರಿನಲ್ಲಿ ಗಾಳಿ ತಂಪಾದಾಗ ಅಕ್ಕ, "ಈ ಸಲ ನೀವೆಲ್ಲ ಹೋಗಿ ಬನ್ನಿ. ನನಗೆ ಫೋಟೋ ಕಳ್ಸಿ, ಸಾಕು" ಎಂದಳು. ನಗುತ್ತಲೇ ಹೇಳಿದ್ದು. ಆದರೆ ಹೇಳಿ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಾವ ಮುಚ್ಚಿದ ಬಾಗಿಲನ್ನೇ ನೋಡುತ್ತ ಕುಳಿತಿದ್ದರು. ಆಮೇಲೆ ತೊಡೆ ತಟ್ಟಿ ಎದ್ದರು.

"ಎಲ್ಲ ಟಯರಿನ ತೊಂದರೆ ಮಾರಾಯ. ಟಯರು ಬದ್ಲಿಸಿದ್ರೆ ಇವಳು ಬರ್ಬಹುದು!"

ಹೇಗೂ ಹಳೆಯ ಟಯರುಗಳಿಗೆ ವಯಸ್ಸಾಗಿತ್ತು. ಬದಲಿಸದಿದ್ದರೆ ಸರಕಾರದವರು ಗಾಡಿ ತಪಾಸಣೆ ಮಾಡುವ ವರ್ಷದ ಪಾಸಿಂಗ್‌ನಲ್ಲಿ ಗಾಡಿಯೇ ಫೇಲ್. ಬೇರೆಯವರಾದರೆ ಹತ್ತಿರದ ಅಂಗಡಿಗೆ ಹೋಗಿ ನಾಲ್ಕು ಟಯರು ಹಾಕಿಸಿಕೊಂಡು ಬರುತ್ತಿದ್ದರು. ಬಾವ ಅಧ್ಯಯನಕ್ಕೆ ಕುಳಿತರು. ದಪ್ಪ ಕೋಟು, ಟೋಪಿ ಹಾಕಿಕೊಂಡ ಯಾರು ಯಾರೋ ಹಿಮದ ನಡುವೆ ನಿಂತು ಟಯರಿನ ಬಗ್ಗೆ ಭಾಷಣ ಮಾಡುವ ವೀಡಿಯೋಗಳನ್ನೆಲ್ಲ ನೋಡಿದರು. ಕೊನೆಗೆ ಹಿಮದ ಟಯರಿನ ರಬ್ಬರು ಇಡ್ಲಿಯಷ್ಟು ಮೆತ್ತಗಿರುತ್ತದೆ, ಆದ್ದರಿಂದ ಅಕ್ಕನ ಸೊಂಟಕ್ಕೆ ಅದೇ ಸರಿ ಎಂಬ ತೀರ್ಮಾನಕ್ಕೆ ಬಂದರು.

ಬಾವನ ಮಗಳು ತಲೆ ಚಚ್ಚಿಕೊಂಡಳು. "ಪಪ್ಪಾ, ದಿಸ್ ಈಸ್ ದುಬೈ! ವೇರ್ ಈಸ್ ದ ಸ್ನೋ?"

"ಚಳಿಗಾಲ ಉಂಟಲ್ಲ? ಇಲ್ಲದಿದ್ರೆ ನೀನು ಸ್ವೆಟರ್ ಹಾಕಿದ್ದು ಯಾಕೆ?"

ಅವಳು ಸ್ವೆಟರ್ ಹಾಕಿದ್ದು ಅಪ್ಪ ತಾನೇ ರಿಪೇರಿ ಮಾಡಿದ ಏಸಿಯ ಚಳಿಗೆ. ಅದನ್ನು ಹೇಳುವ ಧೈರ್ಯ ಯಾರಿಗಿದೆ?

ರಾಸ್ ಅಲ್ ಖೋರಿನಲ್ಲಿ ಬಾವನ ವರ್ಕ್‌ಶಾಪಿನ ಹಿಂದಿನ ಬೀದಿಯಲ್ಲಿ ಉಳ್ಳಾಲದ ಕಡೆಯ ಹಾಜಿಯವರ ಟಯರಂಗಡಿ. ಬಾವ ಟಯರು ನೋಡುವ ಕ್ರಮವನ್ನು ನೀವು ನೋಡಬೇಕಿತ್ತು. ಮೊದಲು ಹಲಸಿನ ಹಣ್ಣಿಗೆ ಬಡಿದ ಹಾಗೆ ಬಡಿದು ಕಿವಿಗೊಟ್ಟರು. ಉಗುರಿನಿಂದ ಒತ್ತಿದರು. ಮೂಸಿದರು! ಹಾಜಿಯವರು ಚಹಾದ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

"ಹಿಮದ ಟಯರು ಉಂಟಾ ಹಾಜಿಯವರೆ?"

"ಅಣ್ಣ, ಬರೀ ಹಿಮಕ್ಕೇ ಅಂತ ಮಾಡಿದ್ದನ್ನು ಇಲ್ಲಿಯ ಜೂನ್ ತಿಂಗಳಲ್ಲಿ ಓಡಿಸಿದ್ರೆ ಬೆಲ್ಲದ ಹಾಗೆ ಸವೆದು ಹೋಗ್ತದೆ. ಡಾಮರು, ಜಲ್ಲಿ, ಮರಳು, ಮಳೆ, ಎಲ್ಲದಕ್ಕೂ ಆಗುವಂಥದ್ದು ಉಂಟು. ಅದರಲ್ಲೇ ಕೆಲವಕ್ಕೆ ಹಿಮದ ಗುರ್ತೂ ಇರ್ತದೆ. ಭಾರ ಹೊರುವ ಗಟ್ಟಿ ಜಾತಿಯದ್ದು ಮಾತ್ರ ಬೇಡ. ಅಕ್ಕನಿಗೆ ಕಲ್ಲಿನ ಮೇಲೆ ಕೂತ ಹಾಗೆ ಆದೀತು."

ಒಳಗಿನಿಂದ ಒಂದು ಟಯರು ಉರುಳಿಸಿಕೊಂಡು ಬಂದರು. ಅದರ ಬದಿಯಲ್ಲಿ ಮೂರು ಕೋಡಿನ ಬೆಟ್ಟ, ಬೆಟ್ಟದೊಳಗೆ ಹಿಮದ ಹೂವಿನ ಚಿತ್ರ. ಬಾವ ಕನ್ನಡಕ ಹಾಕಿಕೊಂಡು ಅದನ್ನು ಬೆರಳಿನಿಂದ ಸವರಿದರು. "ಖಲಾಸ್! ಇದೇ!" ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಟಯರಿನ ಮೇಲೆ ಅದು ತಯಾರಾದ ವಾರವನ್ನು ಅಚ್ಚು ಹಾಕಿರುತ್ತಾರಲ್ಲ, ಬಾವ ಅದನ್ನೂ ಓದಿದರು. ಬೆರಳು ಮಡಚಿ ತಿಂಗಳ ಲೆಕ್ಕ ಹಾಕಿದರು. ಮುಖ ಕಪ್ಪಿಟ್ಟಿತು.

"ಇದು ಆಟಿಯಲ್ಲಿ ಹುಟ್ಟಿದ್ದು. ಬೇಡ."

ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು. ನಮ್ಮ ತುಳುನಾಡಿನಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಆಟಿ ತಿಂಗಳು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ. ಹಾಜಿಯವರಿಗೂ ಇದೆಲ್ಲ ಗೊತ್ತು.

"ಅಣ್ಣ, ಇದು ಜಪಾನಿನ ಟಯರು. ಅಲ್ಲಿ ಎಂತ ಆಟಿ?"

"ಸೂರ್ಯ ಒಬ್ಬನೇ ಅಲ್ವಾ ಹಾಜಿಯವರೆ? ಮತ್ತೆ ಆಟಿ ಬೇರೆ ಹೇಗೆ ಆಗ್ತದೆ?"

ತಮಾಷೆಯೆಂದರೆ, ಬಾವ ಮೊದಲ ಸಲ ದುಬೈ ವಿಮಾನ ಹತ್ತಿದ್ದೇ ಆಟಿ ತಿಂಗಳಲ್ಲಿ. ನಾನು ನೆನಪಿಸಿದೆ. "ಅದು ನಾನು ಮಾರಾಯ. ಇದು ಅವಳ ಸೊಂಟ!" ಎಂದರು.

ಮುಂದಿನ ವಾರಗಳಲ್ಲಿ ರಜೆ ಸಿಕ್ಕಿದಾಗಲೆಲ್ಲ ನಮಗೆ ಟಯರಿನ ತೀರ್ಥಯಾತ್ರೆ. ಶಾರ್ಜಾಕ್ಕೆ ಹೋದೆವು. ಅಬುಧಾಬಿಯ ಮುಸಫ್ಫಾದಲ್ಲಿ ಗಲ್ಲಿ ಗಲ್ಲಿ ಸುತ್ತಿದೆವು. ಬಾವ ಎಲ್ಲ ಕಡೆಯೂ ಟಯರುಗಳ ಜಾತಕ ಕೇಳಿದರು. ಒಂದು ಅಂಗಡಿಯ ಪಠಾಣ ಪಾಪ, ಇವರು ಇನ್‌ಸ್ಪೆಕ್ಷನ್‌ಗೆ ಬಂದ ಅಧಿಕಾರಿ ಎಂದುಕೊಂಡು ಖರ್ಜೂರ ಕೊಟ್ಟ! ಆ ಅಳತೆಯ, ಆ ಗುರುತಿನ ಟಯರು ಎಲ್ಲಿ ಸಿಕ್ಕಿದರೂ ಅದೇ ಸರಕು, ಅದೇ ಆಟಿ. ಜನವರಿ ಮುಗಿಯುತ್ತ ಬಂತು. ಇನ್ನು ಸ್ವಲ್ಪ ದಿನ ಕಳೆದರೆ ಮರಳು ಮತ್ತೆ ಕಾಯಲು ಶುರು. "ಬಿಡಿ, ಬರುವ ವರ್ಷ ನೋಡುವ" ಎಂದಳು ಅಕ್ಕ. ಬಾವ ಅಂದು ಊಟ ಬಿಟ್ಟು ಎದ್ದರು. ಅವರನ್ನು ನಾನು ಹಾಗೆ ನೋಡಿದ್ದು ಆಪರೇಷನ್ನಿನ ದಿನ ಮಾತ್ರ.

ಮರುದಿನ ಬೆಳಿಗ್ಗೆ ನನ್ನ ಆಫೀಸಿಗೆ ಬಾವನ ಫೋನ್ ಬಂತು.

"ಆಟಿಯಲ್ಲಿ ಹೊಸ ಮದುಮಗಳು ಎಲ್ಲಿ ಇರ್ತಾಳೆ, ಹೇಳು?"

"ತವರುಮನೆಯಲ್ಲಿ."

"ಆಟಿ ಕಳೆದ ಮೇಲೆ?"

"ಗಂಡನ ಮನೆಗೆ ಬರ್ತಾಳೆ. ಈಗ ಅದೆಲ್ಲ ಎಂತಕ್ಕೆ ಬಾವ?"

"ಹಾಗಾದ್ರೆ ಆ ಟಯರುಗಳೂ ಒಂದು ವಾರ ತವರುಮನೆಯಲ್ಲಿ ಇದ್ದು ಬರ್ಲಿ. ದೋಷ ಖಲಾಸ್!"

"ಟಯರಿಗೆ ಎಂಥ ತವರುಮನೆ?"

ಕೇಳಿದ ಮೇಲೆ ನನಗೆ ನಿಧಾನವಾಗಿ ಅರ್ಥವಾಯಿತು. ಗಾಡಿ ಅಕ್ಕನ ಮನೆಯದ್ದು. ಅಕ್ಕನಿಗೆ ದುಬೈಯಲ್ಲಿ ತವರು ಎಂದರೆ ತಮ್ಮನ ಮನೆ. ಅಂದರೆ ಜುಮೇರಾ ಲೇಕ್ ಟವರ್ಸ್‌ನಲ್ಲಿರುವ ನನ್ನ ಒಂದು ಬೆಡ್‌ರೂಮಿನ ಫ್ಲಾಟು!

ಹೊಳೆಯುವ ಲಿಫ್ಟಿನ ಎದುರು ಹಾಜಿಯವರಿಂದ ಕೊಂಡ ನಾಲ್ಕು ಟಯರು ಸಾಲಾಗಿ ನಿಂತಾಗ ವಾಚ್‌ಮನ್ ಓಡಿಬಂದ. "ಸರ್, ಯೇ ಕ್ಯಾ ಹೈ?" ಬಾವ ಗಂಭೀರವಾಗಿ, "ಗೆಸ್ಟ್" ಎಂದರು. ಆ ವಾರವೆಲ್ಲ ನಾವು ಟಯರುಗಳ ಸಂದಿಯಿಂದ ಟೀವಿ ನೋಡಿದೆವು. "ನನ್ನ ಅಮ್ಮ ಬಂದಾಗ್ಲೂ ಹಾಲ್‌ನಲ್ಲಿ ಇಷ್ಟು ಜಾಗ ಕೊಟ್ಟಿರ್ಲಿಲ್ಲ ನೀವು" ಎಂದು ನನ್ನ ಹೆಂಡತಿ ಕುಟುಕಿದಳು. ಬಾವನಿಂದ ದಿನಕ್ಕೊಂದು ಫೋನು: "ಹೇಗಿದ್ದಾರೆ?" ವಾರ ಕಳೆದು ಕರೆದೊಯ್ಯಲು ಬಂದಾಗ ಒಂದು ಡಬ್ಬ ಲಾಡು ತಂದರು. ಅಷ್ಟು ಹೊತ್ತಿಗೆ ಬಾವನ ಹುಚ್ಚು ನನ್ನ ಹೆಂಡತಿಗೂ ಹತ್ತಿತ್ತು. ತವರಿನಿಂದ ಬರಿಗೈಯಲ್ಲಿ ಕಳಿಸಬಾರದು ಎಂದು ಮೇಲಿನ ಟಯರಿನ ಮೇಲೆ ತೆಂಗಿನಕಾಯಿ, ರವಿಕೆ ಕಣ ಇಟ್ಟು ಕಳಿಸಿದಳು!

ಟಯರು ಹಾಕಿಸಿದ್ದಾಯಿತು. ಅಕ್ಕ ಕೂರುವ ಮೊದಲು ಪರೀಕ್ಷೆ ಆಗಬೇಡವೇ? ಅವಳ ಸೀಟಿನಲ್ಲಿ ಬಾವ ಒಂದು ಪಾತ್ರೆ ನೀರುದೋಸೆ ಹಿಟ್ಟು ಇಟ್ಟರು. ಪಕ್ಕದಲ್ಲಿ ನಾನು. ಪಾತ್ರೆ ಬೀಳದಂತೆ ಹಿಡಿಯಬಹುದು, ಅಲುಗದಂತೆ ಹಿಡಿಯಕೂಡದು ಎಂಬುದು ನಿಯಮ. ಮೊದಲ ಹಂಪಿನಲ್ಲೇ ನನ್ನ ಪ್ಯಾಂಟಿಗೆ ದೋಸೆ ಹೊಯ್ದಂತಾಯಿತು. ಬಾವ ಇಳಿದು ಟಯರಿನ ಗಾಳಿ ಸ್ವಲ್ಪ ಇಳಿಸಿದರು. ಮತ್ತೆ ಹಂಪು, ಮತ್ತೆ ಹಿಟ್ಟು, ಮತ್ತೆ ಗಾಳಿ. ಮರಳಿನ ಅಂಚಿಗೆ ಮುಟ್ಟುವಾಗ ಒಂದು ಹನಿಯೂ ಚೆಲ್ಲಲಿಲ್ಲ. ಚೆಲ್ಲಲು ಪಾತ್ರೆಯಲ್ಲಿ ಏನೂ ಉಳಿದಿರಲಿಲ್ಲ. "ನೋಡಿದ್ಯಾ?" ಎಂದರು ಬಾವ.

ಫೆಬ್ರವರಿಯ ಒಂದು ಶನಿವಾರ ಅಕ್ಕ ಹೊರಟಳು. ಬಾವ ಎಷ್ಟು ನಿಧಾನ ಓಡಿಸಿದರೆಂದರೆ, ಹಿಂದೆ ಬಂದ ನೀರಿನ ಟ್ಯಾಂಕರ್ ಕೂಡ ಹಾರ್ನ್ ಹೊಡೆದು ನಮ್ಮನ್ನು ದಾಟಿತು. ಡಾಮರು ಮುಗಿದು ಜಲ್ಲಿ ದಾರಿ ಬಂತು, ಜಲ್ಲಿ ಮುಗಿದು ಮರಳು. ಒಂದೊಂದು ಗುಂಡಿಗೂ ಬಾವ ಕನ್ನಡಿಯಲ್ಲಿ ನೋಡಿ ಕೇಳುತ್ತಿದ್ದರು, "ಹೇಗುಂಟು?"

"ತೊಟ್ಟಿಲಲ್ಲಿ ಮಲಗಿದ ಹಾಗೆ ಉಂಟು" ಎನ್ನುತ್ತಿದ್ದಳು ಅಕ್ಕ.

ಮರಳಿನಲ್ಲಿ ಕುರ್ಚಿ ಹಾಕಿದೆವು. ಅಕ್ಕ ಚಪ್ಪಲಿ ಬಿಚ್ಚಿದಳು. ಬಾವನ ಸಂಭ್ರಮ ಕೇಳಬೇಕೇ! ಆಚೆ ಬೀಡುಬಿಟ್ಟಿದ್ದ ಯಾರದೋ ಸಂಸಾರದ ಹತ್ತಿರ ಹೋಗಿ, ಅವರ ಗಾಡಿಯ ಟಯರು ಬಡಿದು ನೋಡಿ, ಹಿಮದ ಗುರುತಿನ ಮಹಿಮೆ ವಿವರಿಸತೊಡಗಿದರು. ಅವರ ದನಿ ಇಲ್ಲಿಯ ತನಕ ಕೇಳುತ್ತಿತ್ತು.

"ಆ ಚೀಲದಲ್ಲಿ ನನ್ನ ಮಾತ್ರೆ ಉಂಟು, ಕೊಡು" ಎಂದಳು ಅಕ್ಕ. ಆಗ ಅವಳ ಮುಖ ನೋಡಿದೆ. ಹಣೆಯಲ್ಲಿ ಬೆವರು. ಒಂದು ಕೈ ಸೊಂಟವನ್ನು ಒತ್ತಿ ಹಿಡಿದಿತ್ತು.

"ಅಕ್ಕ! ನೋವಾಯ್ತಾ?"

"ಜೀವ ಹೋಗಿ ಬಂತು ಮಾರಾಯ. ಅದೇ ಗಾಡಿ, ಅದೇ ಕುಲುಕಾಟ. ಟಯರು ಎಂತ ಮಾಡ್ತದೆ?"

"ಮತ್ತೆ ತೊಟ್ಟಿಲು ಅಂತ ಹೇಳಿದ್ದು ಯಾಕೆ? ಈಗಲೇ ಬಾವನಿಗೆ..."

ಅವಳು ನನ್ನ ಕೈ ಹಿಡಿದು ಕೂರಿಸಿದಳು. "ಹೇಳ್ಬೇಡ. ನನ್ನ ಸೊಂಟಕ್ಕೆ ಅಂತ ಅವರು ಊರೆಲ್ಲ ಅಲೆದದ್ದು, ಟಯರು ಮೂಸಿದ್ದು, ನೀನು ನೋಡಿದ್ದೀಯಲ್ಲ. ಎಲ್ಲರೂ ನಕ್ಕರು. ಅವರಿಗೆ ನಾಚಿಕೆಯೇ ಆಗ್ಲಿಲ್ಲ. ಇಷ್ಟು ಪ್ರೀತಿ ಮಾಡುವವರ ಹತ್ತಿರ ನೋವು ಅಂತ ಹೇಗೆ ಹೇಳುವುದು?"

ನಾನು ಚೀಲದಿಂದ ಮಾತ್ರೆ, ನೀರು ತೆಗೆದುಕೊಟ್ಟೆ. ಅವಳು ಮಾತ್ರೆ ನುಂಗಿ, ಸೂರ್ಯ ಮುಳುಗುವುದನ್ನು ನೋಡುತ್ತ ಕುಳಿತಳು. ಸ್ವಲ್ಪ ಹೊತ್ತಿನಲ್ಲಿ ಬಾವ ಬಂದರು. ಅಕ್ಕನ ಬೆನ್ನಿಗೆ ಇನ್ನೊಂದು ದಿಂಬು ಸಿಕ್ಕಿಸಿ, ಅವಳ ಕಾಲಿನ ಬಳಿ ಮರಳಿನ ಮೇಲೆ ಕುಳಿತರು. ಮಕ್ಕಳ ಹಾಗೆ ಕಣ್ಣರಳಿಸಿಕೊಂಡು ನನ್ನನ್ನು ಕೇಳಿದರು:

"ಎಂತ ಮಾರಾಯ, ನೀನು ಇನ್ನೂ ಏನೂ ಹೇಳ್ಲಿಲ್ಲ. ಟಯರು ಹೇಗೆ?"

ಅಕ್ಕ ನನ್ನ ಕಡೆ ನೋಡಲಿಲ್ಲ.

"ಬಾವ," ಎಂದೆ, "ಇಂಥ ಟಯರು ಇಡೀ ದುಬೈಯಲ್ಲಿ ಯಾರ ಹತ್ತಿರವೂ ಇಲ್ಲ."