ಸಾಣೆಚಕ್ರ ಬಹಿಷ್ಕಾರ

ಮಿನೆಸೋಟದ ಕಬ್ಬಿಣದ ಗಣಿಯ ಗೇಟನ್ನು ಒಂದಿಡೀ ಚಳಿಗಾಲ ಮುಚ್ಚಿಸಿದವನು ಈ ತೌನೊ! ಪೊಲೀಸರ ಲಾಠಿಗೆ ಬಗ್ಗದವನು, ಕಂಪನಿಯ ವಕೀಲರಿಗೆ ಬೆವರಿಳಿಸಿದವನು. ಇಂಥವನಿಗೆ ಒಂದು ಸಾಣೆಚಕ್ರ ಬದಲಾಯಿಸುವುದು ಯಾವ ಲೆಕ್ಕ?

"ಭಾನುವಾರಕ್ಕೆ ಬಟ್ಟಲು ನಿನ್ನ ಕೈಲಿರುತ್ತೆ!" ಎಂದು ಹೆಂಡತಿ ಮಾರ್ಲಿಸ್‌ಗೆ ಸಾರಿಬಿಟ್ಟೆ. ಘೋಷಣೆ ಕೂಗುವುದರಲ್ಲಿ ನನಗೆ ಎಂದೂ ಬಡತನವಿಲ್ಲ.

ಚರ್ಚಿನ ಅಂಗಳದಲ್ಲಿ ಗಾಳಿಗೆ ಉರುಳಿದ ಬರ್ಚ್ ಮರದಲ್ಲಿ ಕೊಳೆಯದೆ ಸಿಕ್ಕಿದ್ದು ಒಂದೇ ತುಂಡು. ಅದರಲ್ಲಿ, ಭಾನುವಾರ ಮಗುವೊಂದರ ದೀಕ್ಷಾಸ್ನಾನಕ್ಕೆ ಬೇಕಾದ ನೀರಿನ ಬಟ್ಟಲನ್ನು ನನ್ನ ಗಂಡ ಕಡೆದುಕೊಡುತ್ತಾನೆ ಎಂದು ಅವಳು ಸಭೆಯೆದುರು ಮಾತು ಕೊಟ್ಟಿದ್ದಳು. ನಾನೋ ದೇವರನ್ನೂ ಮಾಲೀಕರ ಗುಂಪಿಗೇ ಸೇರಿಸಿದವನು. ಆದರೂ ಮದುವೆಯಾದಾಗಿನಿಂದ ಚರ್ಚಿನ ಹೆಸರಲ್ಲಿ ಅವಳು ನನ್ನನ್ನು ಕೇಳಿದ್ದು ಇದೊಂದೇ. ಒಲ್ಲೆ ಎನ್ನಲು ಬಾಯಿ ಬರಲಿಲ್ಲ.

ಮರ ತಿರುಗಿಸಿ ಕಡೆಯುವ ಲೇತಿಗೆ ಆ ತುಂಡನ್ನು ಕಚ್ಚಿಸುವ ಮೊದಲು ಉಳಿ ಹರಿತವಾಗಬೇಕಲ್ಲ? ಮಡಕೆ ತಟ್ಟಿ ನೋಡುವಂತೆ ಸಾಣೆಚಕ್ರವನ್ನು ತಟ್ಟಿದೆ. 'ಟಣ್' ಎನ್ನಬೇಕಾದದ್ದು 'ದಬ್' ಎಂದಿತು. ಬಿರುಕು! ಹಾಗೇ ತಿರುಗಿಸಿದರೆ ಚೂರಾಗಿ ಮುಖಕ್ಕೇ ಹಾರುತ್ತದೆ.

"ಹೊಸದು ತಗೊಂಡ್ಬಾ. ಹೆದ್ದಾರಿ ಪಕ್ಕ ದೊಡ್ಡಂಗಡಿ ಇದೆಯಲ್ಲ," ಎಂದಳು ಮಾರ್ಲಿಸ್.

"ಸಂಘ ಕಟ್ಟಿದೋರನ್ನ ಕೆಲಸದಿಂದ ತೆಗೆದ್ರಲ್ಲೇ ಅವ್ರು! ಸತ್ರೂ ಹೋಗಲ್ಲ."

"ಫೋನಲ್ಲಿ ತರಿಸು."

"ಗೋದಾಮಿನವ್ರು ಮುಷ್ಕರದಲ್ಲಿದ್ದಾರೆ!"

"ಸರಿ, ನಮ್ಮೂರ ಹಾರ್ಲನ್ ಅಂಗಡಿ?"

ನನಗೆ ಮೈಯೆಲ್ಲ ಉರಿಯಿತು. "ಮುಷ್ಕರದಲ್ಲಿ ನಮ್ಮನ್ನ ಹೊರಗಿಡೋಕೆ ಗಣಿ ಗೇಟಿಗೆ ಬೀಗ ಮಾರಿದವನು ಕಣೇ ಅವ್ನು! ಅವನ ಅಂಗಡಿ ಬಹಿಷ್ಕರಿಸಬೇಕು ಅಂತ ಗೊತ್ತುವಳಿ ತಂದವನೇ ನಾನು. ಮೂವತ್ತು ವರ್ಷದಿಂದ ಒಂದು ಮೊಳೆ ಕೊಂಡಿಲ್ಲ!"

"ಹಾಗಾದ್ರೆ ಹಲ್ಲಲ್ಲಿ ಕೆತ್ತು," ಎಂದು ಅವಳು ಕಾಫಿ ಬಗ್ಗಿಸಿಕೊಂಡಳು.

ಹಳೆಯ ಸಂಗಾತಿ ಆರ್ನೆಯ ಶೆಡ್ಡಿಗೆ ಹೋದೆ. ಆ ಗೊತ್ತುವಳಿಗೆ ಕೈ ಎತ್ತಿದವರಲ್ಲಿ ನನ್ನನ್ನು ಬಿಟ್ಟರೆ ಇನ್ನೂ ಬದುಕಿರುವವನು ಅವನೊಬ್ಬನೇ. ಮೂಲೆಯಿಂದ ಒಂದು ಬೂದು ಚಕ್ರ ತೆಗೆದುಕೊಟ್ಟ. "ತಗೋ ಸಂಗಾತಿ, ನಂಗಿದು ಬೇಡ."

ತಟ್ಟಿದೆ. ಟಣ್! ಗಾತ್ರ ಸರಿ, ತೂತು ಸರಿ, ನಾದ ಸರಿ, ಮೇಲಾಗಿ ಬಂಡವಾಳಶಾಹಿಯ ಸೋಂಕಿಲ್ಲ! ಇನ್ನೇನು ಆರಿಸುವುದಿದೆ?

ಆರಿಸುವುದಿತ್ತು. ಅದು ಕೊಡಲಿಗೂ ಹುಲ್ಲು ಕತ್ತರಿಸುವ ಯಂತ್ರದ ಅಲಗಿಗೂ ಸಲ್ಲುವ ಗಡಸು ಕಲ್ಲು. ನನ್ನದು ಅಪ್ಪನ ಕಾಲದ, ಬಿಸಿ ತಾಳದ ಉಕ್ಕಿನ ಉಳಿ. ತಾಗಿಸಿದ್ದೇ ತಡ ಕಿಡಿ ಹಾರಿತು, ತುದಿ ಸುಟ್ಟು ನೀಲಿಯಾಯಿತು. ನೀಲಿಗಟ್ಟಿದರೆ ಆ ಉಕ್ಕು ಮೆತ್ತಗಾಯಿತೆಂದೇ ಅರ್ಥ. ನೀಲಿ ಹೋಗಲೆಂದು ಮಸೆದೆ. ಹೊಸ ನೀಲಿ ಬಂತು. ಅದನ್ನೂ ಮಸೆದೆ. ನಮ್ಮ ಚಳವಳಿಯ ಹಾಗೆಯೇ ಉಳಿಯೂ ಗಿಡ್ಡವಾಗುತ್ತಾ ಹೋಯಿತು, ಬಿಸಿ ಮಾತ್ರ ಏರುತ್ತಾ ಹೋಯಿತು!

ಮಾರ್ಲಿಸ್ ಬಂದು ಇಣುಕಿದಳು. "ಉಳಿ ಎಲ್ಲೋ?"

"ಇದೇ."

"ಇದಾ? ಆಲೂಗಡ್ಡೆ ಹೆರೆಯೋದು ಅಂದ್ಕೊಂಡೆ!"

ರೋಷದಲ್ಲಿ ಲೇತ್ ಹಚ್ಚಿ ಮರಕ್ಕೆ ಉಳಿ ಆನಿಸಿದೆ. ಮೊಂಡು ಉಳಿ ನಾರಿನಲ್ಲಿ ಸಿಕ್ಕಿ ಎಗರಿತು. ಬಟ್ಟಲಿನ ಅಂಚು ಹಲ್ಲು ಮುರಿದ ಬಾಯಂತಾಯಿತು. ಅಂದು ಶನಿವಾರ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. "ಅಂಚು ತೆಗೆದು ಚಿಕ್ಕದು ಮಾಡೋಕಾಗುತ್ತಾ?" ಎಂದಳು.

"ಒಂದೇ ಸಲ. ಮತ್ತೆ ತಪ್ಪಿದ್ರೆ ಒಲೆಗೆ."

"ನಾಳೆ ಮಗು ಎತ್ಕೊಂಡು ನಿಂತ ತಾಯಿಗೆ ನಾನೇನ್ ಹೇಳ್ಲಿ ತೌನೊ? ನನ್ ಗಂಡಂಗೆ ಒಂದು ಬೀಗದ ಮೇಲೆ ಸಿಟ್ಟು ಅಂತ ಹೇಳ್ಲಾ?"

ಲಾಠಿಗೆ ಬಗ್ಗದ್ದು ಇದಕ್ಕೆ ಬಗ್ಗಿತು. ಸೋತ ಸೇನಾಪತಿಯಂತೆ ಹಾರ್ಲನ್ ಅಂಗಡಿಯ ಮೆಟ್ಟಿಲೇರಿ, ಬಾಗಿಲಲ್ಲೇ ನಿಂತು ಘೋಷಿಸಿದೆ: "ಹಾರ್ಲನ್, ಬಹಿಷ್ಕಾರ ವಾಪಸ್ ತಗೊಂಡಿದೀನಿ!"

ಅವನು ಕನ್ನಡಕ ಏರಿಸಿದ. "ಯಾವ ಬಹಿಷ್ಕಾರ ಮಾರಾಯ?"

"ನಿನ್ನದೇ! ಮೂವತ್ತು ವರ್ಷದ್ದು!"

"ಅಯ್ಯೋ, ಗೊತ್ತೇ ಆಗ್ಲಿಲ್ವಲ್ಲೋ! ನಿಂಗೆ ಎಡ ಮಂಡಿ ನೋವು, ಮೆಟ್ಟಿಲು ಹತ್ತೋಕಾಗಲ್ಲ ಅಂತಿದ್ಲು ಮಾರ್ಲಿಸ್. ಅವ್ಳು ವಾರವಾರ ಬರ್ತಾಳಲ್ಲ!"

"ಆದ್ರೆ ಆರ್ನೆ..."

"ಆರ್ನೆನಾ? ಮೊನ್ನೆ ತಾನೆ ಬಂದಿದ್ದ. ಬೂದು ಚಕ್ರ ಉಳಿ ಸುಡ್ತಿದೆ, ಬಿಳೀದು ಕೊಡು ಅಂತ ಒಯ್ದ. ನಿಂಗೂ ಅದೇ ತಾನೆ ಬೇಕಿರೋದು? ಮೆದು ಕಲ್ಲು, ಅಷ್ಟು ಕಾಯಲ್ಲ. ಮೆಲ್ಲಗೆ ಹಿಡಿ, ನೀರಲ್ಲಿ ಅದ್ದಿ ಅದ್ದಿ."

ಸೋಲು ನನಗೆ ಹೊಸದಲ್ಲ. ಆದರೆ ಯುದ್ಧ ನಡೆದದ್ದೇ ಎದುರಾಳಿಗೆ ತಿಳಿಯದಿದ್ದರೆ ಅದನ್ನು ಸೋಲು ಎನ್ನುವ ಹಾಗೂ ಇಲ್ಲ. ಸೋಲಿಗೂ ಒಂದು ಮರ್ಯಾದೆ ಇರುತ್ತದೆ!

ಹಾರ್ಲನ್ ಚಕ್ರವನ್ನು ತಾನೇ ಎತ್ತಿಕೊಂಡು ಕಾರಿನವರೆಗೂ ಬಂದ. "ಮೆಟ್ಟಿಲು ಜೋಪಾನ." ಹೆಂಡತಿಯನ್ನು ಸುಳ್ಳುಗಾತಿ ಮಾಡುವುದು ಹೇಗೆ? ಎಡಗಾಲು ಎಳೆಯುತ್ತಾ ಇಳಿದೆ.

ಬಿಳಿ ಚಕ್ರ ಆ ಗಿಡ್ಡ ಉಳಿಗೂ ಅಂಚು ಕೊಟ್ಟಿತು. ಬಟ್ಟಲು ಚಿಕ್ಕದಾಯಿತು, ಆದರೆ ಆಯಿತು. ಮಾರ್ಲಿಸ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಪರವಾಗಿಲ್ಲ," ಎಂದಳು. ನಮ್ಮ ಕಡೆ ಅದು ಪದಕ ಕೊಟ್ಟ ಹಾಗೆ.

ಭಾನುವಾರ ಚರ್ಚಿನ ಬಾಗಿಲಲ್ಲಿ ಪಾದ್ರಿಯಮ್ಮ ತಡೆದರು. "ಮಾಡಿದವರೇ ಒಳಗೆ ತಂದಿಡಬೇಕು, ತೌನೊ." ಬೇರೆ ದಾರಿಯಿಲ್ಲದೆ ಬಟ್ಟಲು ಹಿಡಿದು ಒಳನಡೆದೆ. ಎಲ್ಲರೂ ತಿರುಗಿ ನೋಡಿದರು. ಮುಂದಿನ ಬೆಂಚಿನಲ್ಲಿ ಹಾರ್ಲನ್! ಕೈ ಆಡಿಸುತ್ತಿದ್ದಾನೆ! ನಾನು ಗಾಬರಿಯಿಂದ, ಇಡೀ ಸಭೆಯ ಕರುಣೆ ಉಕ್ಕುವಂತೆ ಕುಂಟತೊಡಗಿದೆ.

ಪಕ್ಕದಲ್ಲಿ ನಡೆಯುತ್ತಿದ್ದ ಮಾರ್ಲಿಸ್ ತುಟಿ ಅಲುಗಿಸದೆ ಉಸುರಿದಳು: "ಆ ಕಾಲಲ್ಲ ಕಣೋ, ಇನ್ನೊಂದು!"