ಟಮಾಟೆ ಗಿಡಕ್ಕೆ ಕಟ್ಟಿದ ಎಕ್ಕಡ

ನಮ್ಮೂರು ಕೂಟಗಲ್ಲಲ್ಲಿ ನನ್ನ ಕೇಳ್ದೆ ಒಂದ್ ಟಮಾಟೆನೂ ಕೆಂಪಾಗಾಕಿಲ್ಲ ಕಣವ್ವ. ಇದ್ರಲ್ಲಿ ಅರ್ಧ ಸುಳ್ಳು ಅಂತಲೇ ಇಟ್ಕೋ. ಆದ್ರೆ ಪಕ್ಕದ್ಮನೆ ದೇವರಾಜನ ಕತೆ ಪೂರಾ ನಿಜ, ಒಗ್ಗರಣೆ ಮಾತ್ರ ಒಸಿ ನಂದು.

ದೇವರಾಜ ತಾರ್ಸಿ ಮ್ಯಾಲೆ ಪೇಂಟ್ ಡಬ್ಬದಲ್ಲಿ ಟಮಾಟೆ ಹಾಕಿದ್ದ. ಗಿಡ ಅಂದ್ರೆ ಗಿಡವಾ? ಬೆಟ್ಟಕ್ಕೇ ನೆರಳಾಗ್ಬೇಕು, ಅಂಗೆ! ಆದ್ರೆ ಹೂವ ಬಿಡೋದು, ಉದುರೋದು. ಒಂದ್ ಕಾಯಿ ಕಾಣ್ನಿಲ್ಲ. ಹೆಂಡ್ರು ಪ್ರತಿಮಾಗೆ ಸಂಡಿಗೆ ಒಣಗಾಕಾಕೆ ಜಾಗ ಬೇಕು.

"ಇವತ್ತು ನಮ್ಮಪ್ಪ ಬತ್ತಾರೆ. ಹುಟ್ಟಿದಾಗಿಂದ ಬೇಸಾಯ ಮಾಡ್ದೋರು. ಗಿಡ ಚೆನ್ನಾಗೈತೆ ಅಂತ ಅವ್ರಂದ್ರೆ ಇರ್ಲಿ. ಇಲ್ಲಾಂದ್ರೆ ಡಬ್ಬ ಎಲ್ಲಾ ಬೀದಿಗೆ!" ಅಂದ್ಬುಟ್ಲು.

ದೇವರಾಜ ತಾರ್ಸಿ ಮ್ಯಾಲೆ ತಲೆ ಮ್ಯಾಲೆ ಕೈ ಹೊತ್ಕೊಂಡು ಕುಂತ. ಆ ಕಡೆ ಮನೆ ತಾರ್ಸಿಯಿಂದ ಚಿನ್ನಮ್ಮ ಇಣುಕುದ್ಲು.

"ದಿಷ್ಟಿ ಕಣಪ್ಪ ಇದು! ಹಳೇ ಎಕ್ಕಡ ಕಟ್ಟು. ಎಷ್ಟು ಸವೆದಿದ್ರೆ ಅಷ್ಟು ಗುಣ."

ದಡದಡ ಇಳ್ದು ಬಂದ್ರೆ, ಬಾಗ್ಲಲ್ಲೇ ಒಂದ್ ಜೊತೆ! ಅಟ್ಟೆ ಸವೆದು ಹಪ್ಪಳ ಆಗೈತೆ, ಹೆಬ್ಬೆಟ್ಟು ತೂರ್ಸೋ ಉಂಗುಷ್ಟಕ್ಕೆ ತಂತಿ ಸುತ್ತೈತೆ. ಯಾರೋ ಎಸ್ದೋಗವ್ರೆ ಅಂದ್ಕೊಂಡು ಎತ್ಕೊಂಡೋಗಿ ಗಿಡದ ಕೋಲಿಗೆ ನೇತಾಕ್ದ.

ತಿರ್ಗಾ ಕೆಳಗಿಳ್ದ್ರೆ, ಹಿತ್ಲಲ್ಲಿ ಕಾಲ್ ತೊಳ್ಕೊಂಡು ಮಾವ ಹನುಮಂತಯ್ಯ ಬತ್ತಾವ್ರೆ. ವಿರೂಪಾಕ್ಷಿಪುರದಿಂದ ಮೊದಲ್ನೇ ಬಸ್ಸಿಗೇ ಬಂದ್ಬುಟ್ಟವ್ರೆ.

"ಅಳೀಮಯ್ಯ, ನನ್ ಎಕ್ಕಡ ಕಂಡ್ರಾ? ಬಾಗ್ಲಲ್ಲೇ ಬುಟ್ಟಿದ್ದೆ."

ದೇವರಾಜನ ಮಕ ಸುಟ್ಟ ಬದ್ನೆಕಾಯಿ ಆಗೋಯ್ತು. "ನಾಯಿ... ನಾಯಿ ಎತ್ಕೊಂಡೋಯ್ತೇನೋ ಮಾವ."

ನಮ್ಮ ಬೀದಿಗೆ ಅಷ್ಟೇ ಸಾಕು. ಎದುರ್ಮನೆ ಮುನಿರಾಮಯ್ಯ ದೊಣ್ಣೆ ತಂದ. ಪಾಪದ ಕರಿನಾಯಿ ಹಿಂದೆ ಅರ್ಧ ಊರು ಓಡ್ತು. ಈ ಮಂಡಿನೋವು ಇಟ್ಕೊಂಡು ನಾನೂ ಓಡ್ದೆ, ಎಲ್ರಿಗಿಂತ ಮುಂದೆ! ನಾಯಿ ದಿಕ್ಕೆಟ್ಟು ದೇವರಾಜನ ಮನೆ ಮೆಟ್ಲನ್ನೇ ಹತ್ತಿ ತಾರ್ಸಿಗೆ ಓಯ್ತು. ಅದ್ರ ಹಿಂದೆ ಮಾವ. ಮಾವನ ಹಿಂದೆ ದೇವರಾಜ, "ಬ್ಯಾಡಿ ಮಾವ, ಮ್ಯಾಲೆ ಬಿಸ್ಲೈತೆ!" ಅಂತ. ಅವ್ನ ಹಿಂದೆ ಪ್ರತಿಮಾ, ನಾವೆಲ್ಲ.

ಮ್ಯಾಲೆ ಎಕ್ಕಡ ಬಾವಲಿ ಥರ ಜೋತಾಡ್ತಾ ಐತೆ. ನಾಯಿ ಅದ್ರ ಕೆಳಗೇ ಕುಂತು ಮೂಸ್ತಾ ಐತೆ.

ಹನುಮಂತಯ್ಯ ಎಲೆ ತಿರುವಿ ನೋಡಿದ್ರು. ಬುಡದ ಮಣ್ಣು ಮೂಸಿದ್ರು. ಆಮ್ಯಾಕೆ ಗೊಳ್ಳಂತ ನಕ್ಕುಬುಟ್ರು.

"ಗಿಡ ಬಲೇ ಚೆನ್ನಾಗೈತೆ ಕಣವ್ವ ಪ್ರತಿಮಾ. ನೀರು ಜಾಸ್ತಿ ಆಗಿ ಹೂವ ಉದುರ್ತಾ ಐತೆ, ಅಷ್ಟೇಯ. ಒಂದೂ ಕೀಳ್ಬ್ಯಾಡ."

ದೇವರಾಜಂಗೆ ಓದ ಜೀವ ಬಂತು. "ತಡೀರಿ ಮಾವ, ಎಕ್ಕಡ ಬಿಚ್ಚಿಕೊಡ್ತೀನಿ."

"ಮುಟ್ಬ್ಯಾಡಿ! ನನ್ ಎಕ್ಕಡ ಕಾವಲು ನಿಂತ್ಮ್ಯಾಲೆ ತೋಟ ನಂದೇಯ. ನಾನೂ ಇಲ್ಲೇ ಇದ್ದು ನೋಡ್ಕೋತೀನಿ."

ಗಿಡ ಉಳೀತು. ಮಾವನೂ ಉಳ್ಕೊಂಡ್ರು. ಮನೇಲಿರೋದು ಒಂದೇ ಮಂಚ, ಅದ್ರ ಮ್ಯಾಲೆ ಮಾವ. ಗಿಡಕ್ಕೆ ಇಲಿ ಕಾಟ ಅಂತೆ, ಕತ್ಲಾದ್ಮ್ಯಾಲೆ ಯಾರಾದ್ರೂ ಕಾಯ್ಬೇಕಂತೆ.

ಈಗ ದೇವರಾಜ ಎಲ್ಲಿ ಮನಿಕ್ಕೋತಾನೆ? ನೀನೇ ಯೋಳು ನೋಡಾನ.